ಗರ್ಭಿಣಿ ಹಾಗೂ ಬಾಣಂತಿಯರಿಗೆ ಐರನ್ ಸುಕ್ರೋಸ್ ಚುಚ್ಚುಮದ್ದು: ಸುರಕ್ಷತಾ ಮಾಹಿತಿ

ಗರ್ಭಿಣಿಯರ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣವು ಪ್ರತಿ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆ ಇದ್ದಲ್ಲಿ ರಕ್ತಹೀನತೆ ಎಂದೂ, 7 ಗ್ರಾಂಗಿಂತ ಕಡಿಮೆ ಇದ್ದಲ್ಲಿ ತೀವ್ರ ರಕ್ತಹೀನತೆ ಎಂದೂ ಪರಿಗಣಿಸಲಾಗುತ್ತದೆ. ತೀವ್ರ ರಕ್ತಹೀನತೆಯುಳ್ಳವರಿಗೆ ಹೆರಿಗೆಯ ಸಮಯದ ರಕ್ತಸ್ರಾವವು ಪ್ರಾಣಾಪಾಯ ತರಬಲ್ಲದು.

ಕಬ್ಬಿಣಾಂಶದ ಮಾತ್ರೆಗಳಿಂದ ಗುಣ ಕಾಣದಿದ್ದಲ್ಲಿ, ಮಾತ್ರೆ ಒಗ್ಗದಿದ್ದಲ್ಲಿ ಅಥವಾ ಹೆರಿಗೆ ಸಮೀಪಿಸಿದ್ದಲ್ಲಿ ವೈದ್ಯರು ಐರನ್ ಸುಕ್ರೋಸ್ ಔಷಧಿಯನ್ನು ರಕ್ತನಾಳದ ಮೂಲಕ ನೀಡುತ್ತಾರೆ.

ಗಮನಿಸಬೇಕಾದ ಅಂಶಗಳು:

1. ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಈ ಚುಚ್ಚುಮದ್ದನ್ನು ನೀಡಲಾಗುವುದಿಲ್ಲ.

2. ತೀವ್ರ ಅಲರ್ಜಿ ವಿರಳ. ಆದಾಗ್ಯೂ ಇದನ್ನು ತುರ್ತು ಚಿಕಿತ್ಸಾ ಸೌಲಭ್ಯವಿರುವ ಆಸ್ಪತ್ರೆಯಲ್ಲಿಯೇ ಪಡೆಯತಕ್ಕದ್ದು. ನಂತರ ಕನಿಷ್ಠ 30 ನಿಮಿಷ ನಿಗಾದಲ್ಲಿರತಕ್ಕದ್ದು. ಉಸಿರಾಟದ ತೊಂದರೆ, ಎದೆ ಬಿಗಿತ, ಮೈ ತುರಿಕೆ ಅಥವಾ ತಲೆಸುತ್ತು ಕಂಡುಬಂದಲ್ಲಿ ಕೂಡಲೇ ಸಿಬ್ಬಂದಿಗೆ ತಿಳಿಸಬೇಕು.

3. ಈ ಹಿಂದೆ ಕಬ್ಬಿಣಾಂಶದ ಚುಚ್ಚುಮದ್ದಿನಿಂದ ಅಲರ್ಜಿಯಾಗಿದ್ದಲ್ಲಿ, ಅಸ್ತಮಾ ಅಥವಾ ಥಲಸ್ಸೇಮಿಯಾ ಇದ್ದಲ್ಲಿ ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು.

4. ಎದೆಹಾಲಿಗೆ ಸೇರುವ ಕಬ್ಬಿಣಾಂಶ ಅತ್ಯಲ್ಪವಾದ್ದರಿಂದ ಹಾಲುಣಿಸುವುದನ್ನು ನಿಲ್ಲಿಸುವ ಅಗತ್ಯವಿರುವುದಿಲ್ಲ.

5. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಔಷಧಿ ಹಾಗೂ ರಕ್ತ ಪರೀಕ್ಷೆ ಉಚಿತ. ತಾಯಿ ಕಾರ್ಡ್ ತಪ್ಪದೇ ತರುವುದು.

ಮಾತ್ರೆಗಳನ್ನು ಮುಂದುವರಿಸುವ ಅಥವಾ ನಿಲ್ಲಿಸುವ ಬಗ್ಗೆ ವೈದ್ಯರ ಸೂಚನೆಯನ್ನೇ ಪಾಲಿಸತಕ್ಕದ್ದು.