ಎಸೆತದ ಸಾಫಲ್ಯ ಮತ್ತು ತಂಡದ ರಚನೆ: ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡದ ಸೋಲುಗಳ ಒಂದು ವಿವೇಚನೆ

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲಿನ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ 1989ನೆಯ ಇಸವಿಯನ್ನು ಒಂದು ಯುಗದ ಗಡಿಯೆಂದು ಎಣಿಸುತ್ತಾರೆ. ಆ ವರ್ಷ ಅಂತರರಾಷ್ಟ್ರೀಯ ಒಕ್ಕೂಟವಾದ ಫೀಬಾ ತನ್ನ ಸ್ಪರ್ಧೆಗಳಲ್ಲಿ ಅಮೆರಿಕದ ವೃತ್ತಿಪರ ಲೀಗಿನ ಆಟಗಾರರಿಗೂ ಪ್ರವೇಶವನ್ನು ನೀಡಿತು. 1988ರಲ್ಲಿ ಸಿಯೋಲ್ ನಗರದ ಒಲಿಂಪಿಕ್ ಕೂಟದಲ್ಲಿ ಕಾಲೇಜು ಆಟಗಾರರನ್ನು ಕಳುಹಿಸಿ ಕಂಚಿನ ಪದಕಕ್ಕೆ ತೃಪ್ತಿಪಟ್ಟ ಅಮೆರಿಕವು, 1992ರಲ್ಲಿ ಬಾರ್ಸಿಲೋನದಲ್ಲಿ ಆಡಿದ ಎಂಟು ಪಂದ್ಯಗಳನ್ನೂ ಗೆದ್ದು, ಅಂತಿಮ ಪಂದ್ಯದಲ್ಲಿ ಕ್ರೊಯೇಷಿಯವನ್ನು 117–85 ಅಂಕಗಳಿಂದ ಸೋಲಿಸಿತು. ಕಾಲೇಜು ಹುಡುಗರು ಸೋತರು, ವೃತ್ತಿಪರರು ಗೆದ್ದರು ಎಂಬ ವಿವರಣೆ ಇದರಿಂದ ಹುಟ್ಟಿತು. ಆದರೆ 2002, 2004 ಮತ್ತು 2006ರಲ್ಲಿ ಸೋತವರೂ ವೃತ್ತಿಪರರೇ. ಆದುದರಿಂದ ಈ ವಿವರಣೆಯನ್ನು ಮತ್ತೊಮ್ಮೆ ಪರಿಶೀಲಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ನಮ್ಮ ಅಭಿಪ್ರಾಯದಲ್ಲಿ 1989ಕ್ಕಿಂತಲೂ 1984 ಹೆಚ್ಚು ಮಹತ್ವದ ವರ್ಷ. ಆಗ ಫೀಬಾ ಬುಟ್ಟಿಯಿಂದ 6.25 ಮೀಟರ್ ದೂರದಲ್ಲಿ ಒಂದು ಗೆರೆಯನ್ನು ಎಳೆದು, ಅದರ ಹೊರಗಿನಿಂದ ಸಫಲವಾದ ಎಸೆತಕ್ಕೆ ಮೂರು ಅಂಕಗಳನ್ನು ವಿಧಿಸಿತು. ಈ ನಿಯಮದ ಪರಿಣಾಮವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಎರಡು ಅಂಕದ ನೂರು ಎಸೆತಗಳಲ್ಲಿ ಐವತ್ತು ಸಫಲವಾದರೆ ನೂರು ಅಂಕ. ಮೂರು ಅಂಕದ ನೂರು ಎಸೆತಗಳಲ್ಲಿ ಮೂವತ್ತನಾಲ್ಕು ಸಫಲವಾದರೂ ನೂರೆರಡು ಅಂಕ. ಹೀಗಿರಲು, ದೂರದಿಂದ ಗುರಿಯಿಡಬಲ್ಲವನು ಎತ್ತರದ ಆಟಗಾರನಿಗೆ ಸರಿಸಮಾನನಾದನು. ಅಷ್ಟೇ ಅಲ್ಲದೆ, ಅವನನ್ನು ತಡೆಯಲು ಎದುರಾಳಿಗಳು ಬುಟ್ಟಿಯ ಬಳಿಯಿಂದ ಹೊರಗೆ ಬರಬೇಕಾಗಿ, ಅವನ ಸಂಗಡಿಗರಿಗೆ ಒಳಗೆ ಅವಕಾಶವೂ ದೊರೆಯಿತು.

ಇದರ ಪ್ರಥಮ ನಿದರ್ಶನವು 1987ರಲ್ಲಿ ಇಂಡಿಯಾನಪೊಲಿಸ್ ನಗರದಲ್ಲಿ ಕಂಡುಬಂದಿತು. ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಅಂತಿಮ ಪಂದ್ಯದ ಅರ್ಧಕಾಲದಲ್ಲಿ ಬ್ರೆಜಿಲ್ 54–68ರಿಂದ ಹಿಂದೆ ಇದ್ದಿತು. ಉತ್ತರಾರ್ಧದಲ್ಲಿ ಆಸ್ಕರ್ ಷ್ಮಿಟ್ ದೂರದ ಎಸೆತಗಳಿಂದ ಆಟದ ಗತಿಯನ್ನೇ ಬದಲಿಸಿ, ಒಟ್ಟು 46 ಅಂಕಗಳನ್ನು ಗಳಿಸಿದನು. ಬ್ರೆಜಿಲ್ 120–115ರಿಂದ ಗೆದ್ದಿತು. ಮರುವರ್ಷ ಸಿಯೋಲಿಗೆ ಹೊರಟ ಅಮೆರಿಕದ ತಂಡದಲ್ಲಿ ವೇಗವೂ ರಕ್ಷಣಾಬಲವೂ ಇದ್ದವು. ದೂರದ ಎಸೆತದಲ್ಲಿ ಹೆಸರಾದವನು ಮುಖ್ಯವಾಗಿ ಹರ್ಸಿ ಹಾಕಿನ್ಸ್ ಒಬ್ಬನೇ. ಅವನು ಕೂಟದ ಮಧ್ಯದಲ್ಲಿ ಗಾಯಗೊಂಡಮೇಲೆ ಆ ಸ್ಥಾನವನ್ನು ತುಂಬುವವರಿರಲಿಲ್ಲ. ಉಪಾಂತ್ಯ ಪಂದ್ಯದಲ್ಲಿ ಸೋವಿಯತ್ ತಂಡವು 82–76ರಿಂದ ಜಯಗಳಿಸಿತು. ಹನ್ನೆರಡು ಜನರ ತಂಡದಲ್ಲಿ ಒಂದು ಮುಖ್ಯ ಕೆಲಸಕ್ಕೆ ಒಬ್ಬನನ್ನೇ ನಂಬುವುದು ಆಯ್ಕೆಯ ದೋಷವೇ ಹೊರತು, ಕೇವಲ ಹವ್ಯಾಸಿತನದ ದೋಷವಲ್ಲ.

ಬಾರ್ಸಿಲೋನದ ವೈಭವದಲ್ಲಿ ಈ ಪಾಠವು ಮರೆತುಹೋಯಿತು. 2002ರಲ್ಲಿ ಅದೇ ಇಂಡಿಯಾನಪೊಲಿಸಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅಮೆರಿಕದ ವೃತ್ತಿಪರರು ಅರ್ಜೆಂಟೀನಕ್ಕೆ 80–87ರಿಂದ ಸೋತು, ಕೊನೆಗೆ ಆರನೆಯ ಸ್ಥಾನಕ್ಕೆ ಇಳಿದರು. 2004ರ ಅಥೆನ್ಸ್ ಕೂಟಕ್ಕೆ ಹಲವು ಪ್ರಸಿದ್ಧರು ಬರಲೊಪ್ಪಲಿಲ್ಲ. ಟಿಮ್ ಡಂಕನ್, ಆಲನ್ ಐವರ್ಸನ್ ಅವರೊಡನೆ ಲೆಬ್ರಾನ್ ಜೇಮ್ಸ್ ಮೊದಲಾದ ತರುಣರನ್ನು ಅಲ್ಪಕಾಲದಲ್ಲಿ ಕೂಡಿಸಲಾಯಿತು. ಪೋರ್ಟೊರಿಕೊದ ಎದುರಿನ ಮೊದಲ ಪಂದ್ಯದಲ್ಲಿ ಈ ತಂಡವು ಮೂರು ಅಂಕದ 24 ಎಸೆತಗಳಲ್ಲಿ 3ನ್ನು ಮಾತ್ರ ಸಫಲಗೊಳಿಸಿ, 73–92ರಿಂದ ಸೋತಿತು. ಇಪ್ಪತ್ತನಾಲ್ಕು ಪ್ರಯತ್ನಗಳಿಂದ ದೊರೆತುದು ಒಂಬತ್ತು ಅಂಕ. ಮೂರರಲ್ಲೊಂದು ಸಫಲವಾಗಿದ್ದರೆ ಇಪ್ಪತ್ತನಾಲ್ಕು ಅಂಕ ದೊರೆಯುತ್ತಿದ್ದಿತು. ಹತ್ತೊಂಬತ್ತು ಅಂಕಗಳ ಅಂತರದಲ್ಲಿ ಹದಿನೈದು ಈ ಒಂದು ಲೆಕ್ಕದಲ್ಲಿಯೇ ಅಡಗಿವೆ. ಅನಂತರ ಲಿಥುವೇನಿಯ 94–90ರಿಂದಲೂ, ಉಪಾಂತ್ಯದಲ್ಲಿ ಅರ್ಜೆಂಟೀನ 89–81ರಿಂದಲೂ ಅಮೆರಿಕವನ್ನು ಸೋಲಿಸಿದವು.

ಅಂದಿನ ಅನೇಕ ಟೀಕಾಕಾರರು ಈ ಸೋಲಿನಲ್ಲಿ ತರುಣರ ಅಹಂಕಾರವನ್ನೂ ಶಿಸ್ತಿನ ಅಭಾವವನ್ನೂ ಕಂಡರು. ಈ ತೀರ್ಪು ನ್ಯಾಯವಾದುದಲ್ಲವೆಂದು ನಾವು ಭಾವಿಸುತ್ತೇವೆ. ಅಂತರರಾಷ್ಟ್ರೀಯ ನಿಯಮದಲ್ಲಿ ವಲಯ ರಕ್ಷಣೆಗೆ ಮೊದಲಿನಿಂದಲೂ ಅವಕಾಶವಿದ್ದಿತು. ಅಮೆರಿಕದ ವೃತ್ತಿಪರ ಲೀಗಿನಲ್ಲಿ ಅದಕ್ಕೆ ಅನುಮತಿ ದೊರೆತುದು 2001ರಲ್ಲಿ. ವಲಯವನ್ನು ಕಟ್ಟಿ ಬುಟ್ಟಿಯ ಬಳಿ ನಿಂತ ಎದುರಾಳಿಗಳನ್ನು ಚದುರಿಸಲು ದೂರದ ಎಸೆತವೇ ತಕ್ಕ ಉಪಾಯ. ಒಳನುಗ್ಗುವುದರಲ್ಲಿ ನಿಪುಣರಾದವರನ್ನೇ ಆರಿಸಿ ಕಳುಹಿಸಿ, ಅವರು ಹೊರಗಿನಿಂದ ಗುರಿಯಿಡಲಾರರೆಂದು ದೂರುವುದು, ನೇಗಿಲನ್ನು ಕೊಟ್ಟು ನೇಯ್ಗೆ ಬರಲಿಲ್ಲವೆಂದು ಆಕ್ಷೇಪಿಸಿದಂತೆ. ದೋಷವು ಆಡಿದವರಿಗಿಂತ ಆರಿಸಿದವರಲ್ಲಿ ಹೆಚ್ಚಾಗಿದ್ದಿತು.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯುಂಟು. ಒಂದು ಪಂದ್ಯದ ಎಸೆತಗಳು ಅಲ್ಪಸಂಖ್ಯೆಯವು. ಅದೃಷ್ಟದ ಪಾತ್ರವೂ ಅವುಗಳಲ್ಲಿರುತ್ತದೆ. ಇದು ನಿಜ. ಅಲ್ಲದೆ ಅರ್ಜೆಂಟೀನದ ಜಯಕ್ಕೆ ಗುರಿಯೊಂದೇ ಕಾರಣವಲ್ಲ. ಜಿನೋಬಿಲಿ, ಸ್ಕೋಲ, ನೊಸಿಯೋನಿ, ಒಬೆರ್ಟೊ ಇವರು ರೂಬೆನ್ ಮಾಗ್ನಾನೊ ಎಂಬ ತರಬೇತುದಾರನ ಕೈಕೆಳಗೆ ವರ್ಷಗಳಿಂದ ಕೂಡಿ ಆಡಿದವರು. ಆದರೆ ಒಳ್ಳೆಯ ಎಸೆತವು ಒಳ್ಳೆಯ ಅವಕಾಶದಿಂದಲೂ, ಒಳ್ಳೆಯ ಅವಕಾಶವು ದೀರ್ಘಕಾಲದ ಸಹವಾಸದಿಂದಲೂ ಹುಟ್ಟುತ್ತದೆ. 2006ರಲ್ಲಿ ಜಪಾನಿನ ಸೈತಾಮದಲ್ಲಿ ಗ್ರೀಸ್ ತಂಡವು ತನ್ನ ಎಸೆತಗಳಲ್ಲಿ ಶೇಕಡ 60ಕ್ಕಿಂತ ಹೆಚ್ಚನ್ನು ಸಫಲಗೊಳಿಸಿ ಅಮೆರಿಕವನ್ನು 101–95ರಿಂದ ಸೋಲಿಸಿತು. ಆ ತಂಡದಲ್ಲಿ ಅಮೆರಿಕದ ಲೀಗಿನ ಆಟಗಾರನೊಬ್ಬನೂ ಇರಲಿಲ್ಲ. ಇದು ಕೇವಲ ಅದೃಷ್ಟವೆನ್ನುವುದು ಕಷ್ಟ.

ಅಮೆರಿಕದವರೇ ಈ ಕಾರಣವನ್ನು ಒಪ್ಪಿಕೊಂಡರೆಂಬುದಕ್ಕೆ ಅವರ ಮುಂದಿನ ಕ್ರಮಗಳೇ ಸಾಕ್ಷಿ. 2005ರಲ್ಲಿ ತಂಡದ ರಚನೆಯ ಹೊಣೆಯನ್ನು ಜೆರಿ ಕೊಲಾಂಜೆಲೊ ಒಬ್ಬನಿಗೆ ವಹಿಸಲಾಯಿತು. ಆಟಗಾರರಿಂದ ಮೂರು ವರ್ಷಗಳ ಬದ್ಧತೆಯನ್ನು ಕೋರಲಾಯಿತು. 2007ರಲ್ಲಿ ಮೈಕೆಲ್ ರೆಡ್ ಮತ್ತು ಮೈಕ್ ಮಿಲ್ಲರ್ ಎಂಬ ಗುರಿಕಾರರನ್ನು ಸೇರಿಸಿಕೊಂಡರು. 2008ರಲ್ಲಿ ಬೀಜಿಂಗಿನಲ್ಲಿ ಸ್ಪೇಯಿನನ್ನು 118–107ರಿಂದ ಸೋಲಿಸಿ ಚಿನ್ನವನ್ನು ಮರಳಿ ಪಡೆದರು. 2010ರಲ್ಲಿ ಫೀಬಾ ಗೆರೆಯನ್ನು 6.75 ಮೀಟರಿಗೆ ಸರಿಸಿದರೂ ದೂರದ ಎಸೆತದ ಮಹತ್ವ ಕುಗ್ಗಲಿಲ್ಲ. 2024ರ ಪ್ಯಾರಿಸ್ ಕೂಟದ ಅಂತಿಮ ಪಂದ್ಯದಲ್ಲಿ ಫ್ರಾನ್ಸಿನ ಎದುರು 98–87ರ ಜಯವನ್ನು ಭದ್ರಪಡಿಸಿದುದು ಸ್ಟೀಫನ್ ಕರಿಯ ಮೂರು ಅಂಕದ ಎಂಟು ಎಸೆತಗಳು.

ಮೇಲ್ಕಂಡ ವಿವೇಚನೆಯಿಂದ, ಆಟಗಾರರ ವೃತ್ತಿಪರತೆಯಾಗಲಿ ಕೀರ್ತಿಯಾಗಲಿ ತಾನಾಗಿಯೇ ಜಯವನ್ನು ತರಲಿಲ್ಲವೆಂದು ವಿದಿತವಾಗುತ್ತದೆ. ಸೋಲಿಗೆ ಶೀಲದ ಕುಂದನ್ನು ಕಾರಣವಾಗಿ ಹೇಳುವುದು ಸುಲಭ. ರಾಜವಂಶಗಳ ಅವನತಿಯನ್ನು ಕುರಿತು ಬರೆದವರೂ ಇದೇ ಹಾದಿಯನ್ನು ಹಿಡಿದುದುಂಟು. ಆದರೆ ಯಾರನ್ನು, ಯಾವ ಕೆಲಸಕ್ಕೆ, ಯಾರು ಆರಿಸಿದರು ಎಂಬ ಪ್ರಶ್ನೆಯನ್ನು ಮೊದಲು ಕೇಳಿದ ಮೇಲೆಯೇ ಇತಿಹಾಸಕಾರನು ತಪ್ಪನ್ನು ಹೊರಿಸತಕ್ಕದ್ದು.