ಕಿವಿಯಿಂದ ಓದಿದವರ ಕಥೆ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಆಡಿಯೋಬುಕ್ ಕೇಳ್ತೀರಲ್ಲ, ಅದು ಮೊದಲು ಯಾರಿಗೋಸ್ಕರ ಹುಟ್ಟಿತು ಗೊತ್ತಾ? ಕಣ್ಣು ಕಾಣದವರಿಗೋಸ್ಕರ. ಈ ಚರಿತ್ರೆಯನ್ನು ಇವತ್ತು ನಾನು ಒಬ್ಬ ಪಾಡ್‌ಕಾಸ್ಟ್ ನಿರ್ಮಾಪಕರ ಬದುಕಿನ ಮೂಲಕ ಹೇಳ್ತೀನಿ.

ಅಮೆರಿಕದ ಆಂಡ್ರ್ಯೂ ಲೆಲ್ಯಾಂಡ್ 'ದಿ ಬಿಲೀವರ್' ಎಂಬ ಸಾಹಿತ್ಯ ಪತ್ರಿಕೆಯ ಸಂಪಾದಕರಾಗಿದ್ದವರು. 2013ರಿಂದ 'ದಿ ಆರ್ಗನಿಸ್ಟ್' ಎಂಬ ಪಾಡ್‌ಕಾಸ್ಟ್ ನಡೆಸಿಕೊಟ್ಟರು. ಹದಿಹರೆಯದಲ್ಲೇ ಅವರಿಗೆ ಕತ್ತಲಲ್ಲಿ ಕಾಣೋದು ಕಷ್ಟವಾಗಿತ್ತು. ಕಾಯಿಲೆಯ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ವಂಶವಾಹಿಯಿಂದ ಬರುವ ಇದು ಸುಮಾರು 4000 ಜನರಲ್ಲಿ ಒಬ್ಬರಿಗೆ ಇರುತ್ತೆ. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಮೊದಲು ಸಾಯುತ್ತವೆ. ಆಮೇಲೆ ಅಕ್ಕಪಕ್ಕದ ನೋಟ ಹೋಗಿ, ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದ್ದಷ್ಟೇ ಉಳಿಯುತ್ತೆ. ಇದಕ್ಕೆ ದಶಕಗಳೇ ಹಿಡಿಯಬಹುದು.

ಓದೋದು, ತಿದ್ದೋದೇ ಕಸುಬಾದವರಿಗೆ ಅಕ್ಷರವೇ ಜಾರಿಹೋದರೆ ಏನು ಗತಿ? ಪುಸ್ತಕವನ್ನು ಕಿವಿಯಲ್ಲಿ ಕೇಳಿ 'ಓದಿದೆ' ಅನ್ನಬಹುದಾ?

ಪ್ರಶ್ನೆ ಹೊಸದಲ್ಲ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದರು. ಮರುವರ್ಷ ಅದರ ಉಪಯೋಗಗಳನ್ನು ಪಟ್ಟಿ ಮಾಡಿದಾಗ, ಅಂಧರಿಗಾಗಿ ಮಾತಾಡುವ ಪುಸ್ತಕ ಎರಡನೇ ಸ್ಥಾನದಲ್ಲೇ ಇತ್ತು. ಆದರೆ ಆಗಿನ ಯಂತ್ರದಲ್ಲಿ ಕೆಲವೇ ನಿಮಿಷದ ಧ್ವನಿ ಹಿಡಿಸುತ್ತಿತ್ತು. ಒಂದು ಕಾದಂಬರಿ ಅದರಲ್ಲಿ ಹೇಗೆ ಕೂರುತ್ತೆ ಹೇಳಿ!

ದಾರಿ ತೆರೆದದ್ದು 1934ರಲ್ಲಿ. ನಿಮಿಷಕ್ಕೆ ಸುಮಾರು 33 ಸುತ್ತು ತಿರುಗುವ, ಒಂದೊಂದು ಬದಿಗೆ ಹೆಚ್ಚುಕಮ್ಮಿ 15 ನಿಮಿಷ ಓಡುವ ತಟ್ಟೆಗಳಲ್ಲಿ ಅಮೆರಿಕದ ಅಂಧ ಓದುಗರಿಗೆ ಪುಸ್ತಕಗಳು ಬಂದವು. ಮುಂದೆ ನಿಂತು ಮಾಡಿಸಿದ ರಾಬರ್ಟ್ ಇರ್ವಿನ್ ಸ್ವತಃ ಅಂಧರು. ಮರುವರ್ಷ ಬ್ರಿಟನ್ನಿನಲ್ಲೂ ಶುರುವಾಯಿತು. ಅಲ್ಲಿನ ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಯೂ ಒಂದು. ಸಂಗೀತಪ್ರಿಯರ ಎಲ್‌ಪಿ ತಟ್ಟೆ ಮಾರುಕಟ್ಟೆಗೆ ನೆಲೆಯಾಗಿ ಬಂದದ್ದು 1948ರಲ್ಲಿ, ಅಂದರೆ 14 ವರ್ಷ ತಡವಾಗಿ.

ನನಗೆ ಇಲ್ಲಿ ಮುಖ್ಯ ಅನ್ನಿಸೋದು ಇದು. ಅಂಧರು ಬೇರೆಯವರ ತಂತ್ರಜ್ಞಾನಕ್ಕೆ ಕೈಚಾಚಿ ಕಾದವರಲ್ಲ. ತಮಗೆ ಬೇಕಾದ್ದನ್ನು ಮಾಡಿಸಿಕೊಂಡರು, ಆಮೇಲೆ ಅದು ಎಲ್ಲರದ್ದೂ ಆಯಿತು.

ಲೆಲ್ಯಾಂಡ್ ಬರೆದ 'ದಿ ಕಂಟ್ರಿ ಆಫ್ ದಿ ಬ್ಲೈಂಡ್' 2023ರಲ್ಲಿ ಪ್ರಕಟವಾಗಿ, ಮುಂದಿನ ವರ್ಷ ಪುಲಿಟ್ಜರ್‌ನ ಅಂತಿಮ ಸುತ್ತಿಗೆ ಬಂತು. ನೋಟ ಇನ್ನೂ ಸ್ವಲ್ಪ ಇರುವಾಗಲೇ ಅವರು ಬಿಳಿಕೋಲು ಹಿಡಿದರು, ಬ್ರೈಲ್ ಕಲಿತರು. ಕೊಲರಾಡೋದ ತರಬೇತಿ ಕೇಂದ್ರದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಭ್ಯಾಸ ಮಾಡಿದರು. ದುಃಖ ಇಲ್ಲ ಅಂತಲ್ಲ, ಇದೆ. ಆದರೆ ಅವರು ಹೊರಟಿರುವ ದಾರಿಯಲ್ಲಿ ಆಗಲೇ ಬಹಳ ಜನ ನಡೆದಿದ್ದಾರೆ. ಅವರು ಬಿಟ್ಟುಹೋದ ಪುಸ್ತಕದ ಕಪಾಟು ಈಗ ನಿಮ್ಮ ಜೇಬಿನಲ್ಲೂ ಇದೆ.