ಹಕ್ಕಿಯ ಕಾವಲಿನಿಂದ ನೀರಿನ ಕಾವಲಿಗೆ: ನಗರದಂಚಿನ ಕರಾವಳಿ ಜೌಗುನೆಲದ ನೂರು ವರ್ಷ

ಪ್ರಪಂಚದ ದೊಡ್ಡ ಬಂದರು ನಗರಗಳು ಬಹುಪಾಲು ಹುಟ್ಟಿದ್ದು ನದಿ ಕಡಲನ್ನು ಸೇರುವ ಕಡೆಯಲ್ಲಿ. ಹಡಗಿಗೆ ಆಸರೆ, ಕುಡಿಯಲು ಸಿಹಿನೀರು, ಸಮತಟ್ಟಾದ ನೆಲ ಮೂರೂ ಅಲ್ಲಿ ಒಟ್ಟಿಗೆ ಸಿಕ್ಕವು. ವಲಸೆ ಹಕ್ಕಿ, ಸಿಗಡಿ, ಏಡಿ, ಚಿಪ್ಪುಜೀವಿ, ಮೀನಿನ ಮರಿ ಇವೆಲ್ಲಕ್ಕೂ ಬೇಕಾದದ್ದು ಅದೇ ಜಾಗ. ದಿನಕ್ಕೆರಡು ಸಲ ಉಬ್ಬರದ ಉಪ್ಪುನೀರು ಬಂದು ಹೋಗುವ ಕೆಸರುಬಯಲು, ಅದರ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹಿಂದಿನ ಹಿನ್ನೀರು ಎಲ್ಲವನ್ನೂ ಕಂದಾಯದ ಲೆಕ್ಕ ಬಹುಕಾಲ ಪಾಳುನೆಲ ಎಂದೇ ಬರೆಯಿತು. ಪಾಳು ಎಂದು ಬರೆದದ್ದನ್ನು ತುಂಬಿಸುವುದು ಸುಲಭವಾಯಿತು.

ಈ ನೆಲವನ್ನು ಉಳಿಸುವ ಯತ್ನಕ್ಕೂ ಈಗ ನೂರು ವರ್ಷ ಮೀರಿದ ಇತಿಹಾಸವಿದೆ. ಮೊದಲು ಹಕ್ಕಿಯನ್ನು ಕಾದರು, ಆಮೇಲೆ ನೆಲವನ್ನು ಕಾದರು, ಈಗ ನೀರು ಬಂದು ಹೋಗುವ ದಾರಿಯನ್ನು ಕಾಯಬೇಕೆಂದು ಕಲಿಯುತ್ತಿದ್ದಾರೆ. ಈ ಪಾಠವನ್ನು ಹೆಚ್ಚಿನ ನಗರಗಳು ಇದ್ದದ್ದರ ಬಹುಪಾಲನ್ನು ಕಳೆದುಕೊಂಡ ಮೇಲೆ ಕಲಿತವು. ನಮ್ಮ ಕರಾವಳಿಗೆ ಕಳೆದುಕೊಳ್ಳುವ ಮೊದಲೇ ಕಲಿಯುವ ಅವಕಾಶ ಇನ್ನೂ ಇದೆ.

ಗರಿಯ ವ್ಯಾಪಾರ, ಬೇಟೆಯ ಕೋವಿ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕ ಮತ್ತು ಯುರೋಪಿನ ಹೆಂಗಸರ ಟೋಪಿಗೆ ಸಿಕ್ಕಿಸುವ ಗರಿಗಾಗಿ ಬೆಳ್ಳಕ್ಕಿ, ಹೆಜ್ಜಾರ್ಲೆಗಳನ್ನು ಗೂಡಿನಲ್ಲೇ ಕೊಲ್ಲುತ್ತಿದ್ದರು. 1903ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಫ್ಲೋರಿಡಾ ಕರಾವಳಿಯ ಹಿನ್ನೀರಿನಲ್ಲಿರುವ ಪುಟ್ಟ ಪೆಲಿಕನ್ ದ್ವೀಪವನ್ನು ಹಕ್ಕಿಗಳ ಆಶ್ರಯತಾಣ ಎಂದು ಘೋಷಿಸಿದರು. ಅಮೆರಿಕದ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣಗಳ ವ್ಯವಸ್ಥೆ ಅಲ್ಲಿಂದ ಶುರುವಾಯಿತು. ದ್ವೀಪಕ್ಕೊಬ್ಬ ಕಾವಲುಗಾರ, ಕೋವಿ ಹಿಡಿದವರಿಗೆ ತಡೆ, ರಕ್ಷಣೆ ಎಂದರೆ ಆಗ ಇಷ್ಟೇ.

ನಮ್ಮಲ್ಲೂ ಆರಂಭ ಹಾಗೆಯೇ. ಚೆನ್ನೈಗೆ ದಕ್ಷಿಣದ ವೇಡಂತಾಂಗಲ್ ಕೆರೆಯ ಜನ ಹದಿನೆಂಟನೇ ಶತಮಾನದ ಕೊನೆಯಲ್ಲೇ ಹಕ್ಕಿಗಳಿಗೆ ಗುಂಡಿಡುವ ಬ್ರಿಟಿಷ್ ಸಿಪಾಯಿಗಳ ವಿರುದ್ಧ ದೂರು ಕೊಟ್ಟು ಕಲೆಕ್ಟರರಿಂದ ರಕ್ಷಣೆಯ ಆದೇಶ ಪಡೆದರು. ಹಕ್ಕಿಯ ಹಿಕ್ಕೆ ಬೆರೆತ ಕೆರೆನೀರು ಗದ್ದೆಗೆ ಗೊಬ್ಬರ ಎಂಬುದು ಅವರಿಗೆ ಗೊತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇವೆಲ್ಲ ಗೂಡು ಕಟ್ಟುವ ತಾಣಗಳು. ಹಕ್ಕಿ ಎಲ್ಲಿ ಮೇಯುತ್ತದೆ, ಅಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳು ಇನ್ನೂ ಎದ್ದಿರಲಿಲ್ಲ.

ನೆಲಕ್ಕೆ ಬಂದ ಬೆಲೆ

1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಊರಿನಲ್ಲಿ ಆದ ಒಪ್ಪಂದ ಆ ಪ್ರಶ್ನೆಗಳನ್ನು ಎತ್ತಿತು. ಜೌಗುನೆಲ ಎಂದರೆ ಏನು ಎಂಬುದಕ್ಕೆ ಅದು ಕೊಟ್ಟ ವ್ಯಾಖ್ಯೆ ಉದಾರವಾದದ್ದು: ಸಿಹಿ, ಸವಳು, ಉಪ್ಪು ಯಾವ ನೀರಾದರೂ ಸರಿ, ಇಳಿತದ ವೇಳೆ ಆರು ಮೀಟರಿಗಿಂತ ಆಳವಿಲ್ಲದ ಕಡಲೂ ಜೌಗುನೆಲವೇ. ಕರಾವಳಿಯ ಕೆಸರುಬಯಲಿಗೆ ಅಂತರರಾಷ್ಟ್ರೀಯ ಮಾನ್ಯತೆ ಹೀಗೆ ದೊರೆಯಿತು. ಭಾರತ 1982ರಲ್ಲಿ ಒಪ್ಪಂದವನ್ನು ಸೇರಿತು. ಚಿಲಿಕಾ ಸರೋವರ ಮತ್ತು ಭರತಪುರದ ಕೇವಲಾದೇವ್ ನಮ್ಮ ಮೊದಲ ರಾಮ್ಸಾರ್ ತಾಣಗಳು.

ಅದೇ ಹೊತ್ತಿಗೆ ನಗರದ ಒಳಗೇ ವನ್ಯಜೀವಿ ಆಶ್ರಯ ಎಂಬ ಹೊಸ ಕಲ್ಪನೆ ಅಮೆರಿಕದಲ್ಲಿ ರೂಪುಗೊಂಡಿತು. 1972ರಲ್ಲಿ ಅಲ್ಲಿನ ಸಂಸತ್ತು ಇಂಥ ಎರಡು ತಾಣಗಳಿಗೆ ಒಪ್ಪಿಗೆ ಕೊಟ್ಟಿತು. ಒಂದು ಫಿಲಡೆಲ್ಫಿಯಾ ವಿಮಾನ ನಿಲ್ದಾಣದ ಪಕ್ಕದ ಟಿನಿಕಮ್ ಜೌಗು, ಇನ್ನೊಂದು ಸ್ಯಾನ್‌ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿ.

ಎರಡನೆಯದರ ಕಥೆಯನ್ನು ವಿವರವಾಗಿ ಹೇಳಬೇಕು. ಚಿನ್ನದ ಬೇಟೆಯ ಕಾಲದಿಂದ ನೂರು ವರ್ಷ ಆ ಕೊಲ್ಲಿಗೆ ಮಣ್ಣು ಸುರಿದರು, ಕಸ ಸುರಿದರು, ಉಪ್ಪಿನ ಆಗರಕ್ಕಾಗಿ ಒಡ್ಡು ಕಟ್ಟಿದರು. ಕೊಲ್ಲಿಯ ಸುಮಾರು ಮೂರನೇ ಒಂದು ಭಾಗ ಹೀಗೆ ಹೋಯಿತು. ಹೀಗೇ ಮುಂದುವರಿದರೆ 2020ರ ವೇಳೆಗೆ ಕೊಲ್ಲಿ ಬರೀ ಹೊಳೆಯಾದೀತು ಎಂದು ತೋರಿಸುವ ನಕ್ಷೆಯೊಂದು 1959ರಲ್ಲಿ ಸರ್ಕಾರಿ ವರದಿಯಲ್ಲೇ ಬಂತು. ಅದನ್ನು ಕಂಡು ಬರ್ಕ್ಲಿಯ ಕೇ ಕರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್ ಎಂಬ ಮೂವರು ಮಹಿಳೆಯರು 1961ರಲ್ಲಿ ಕೊಲ್ಲಿ ಉಳಿಸಿ ಚಳವಳಿ ಕಟ್ಟಿದರು. 1965ರಲ್ಲಿ ಕೊಲ್ಲಿಗೆ ಮಣ್ಣು ತುಂಬುವುದನ್ನು ನಿಯಂತ್ರಿಸುವ ಆಯೋಗವೇ ಹುಟ್ಟಿತು. 1972ರ ಕಾನೂನಿನಿಂದ ಸುಮಾರು 30,000 ಎಕರೆಯ ಆಶ್ರಯತಾಣಕ್ಕೆ ದಾರಿಯಾಯಿತು. ಅದಕ್ಕೀಗ ಸಂಸದ ಡಾನ್ ಎಡ್ವರ್ಡ್ಸ್ ಅವರ ಹೆಸರಿದೆ. ಅದರ ಕೇಂದ್ರವಿರುವ ಫ್ರೀಮಾಂಟ್, ಪಕ್ಕದ ಮಿಲ್ಪಿಟಾಸ್, ಸನಿವೇಲ್, ಸ್ಯಾನ್ ಹೊಸೆಗಳಲ್ಲಿ ಸಾವಿರಾರು ಕನ್ನಡ ಮನೆಗಳಿವೆ. ಅವರು ದಿನವೂ ದಾಟುವ ಹೆದ್ದಾರಿಯ ಆಚೆಗೇ ಈ ಕೆಸರುಬಯಲಿದೆ.

ಒಡ್ಡು ಒಡೆಯುವ ಕಾಲ

ಉಳಿದದ್ದನ್ನು ಕಾದರೆ ಸಾಲದು, ಕೆಡಿಸಿದ್ದನ್ನು ಸರಿಪಡಿಸಬೇಕು ಎಂಬುದು ಮುಂದಿನ ಹಂತ. 2003ರಲ್ಲಿ ಕಾರ್ಗಿಲ್ ಕಂಪನಿಯಿಂದ ದಕ್ಷಿಣ ಕೊಲ್ಲಿಯ ಸುಮಾರು 15,100 ಎಕರೆ ಉಪ್ಪಿನ ಆಗರವನ್ನು ಬಹುಪಾಲು ಸಾರ್ವಜನಿಕ ಹಣದಿಂದ ಕೊಂಡು, ಒಡ್ಡುಗಳನ್ನು ಒಂದೊಂದಾಗಿ ಒಡೆದು, ಉಬ್ಬರವನ್ನು ಒಳಗೆ ಬಿಡುವ ಕೆಲಸ ಶುರುವಾಯಿತು. ನೀರು ಹೊತ್ತು ತಂದ ಹೂಳು ಕೂತಿತು, ಅದರ ಮೇಲೆ ಉಪ್ಪುಸಸ್ಯ ಚಿಗುರಿತು. ಎಲ್ಲ ಒಡ್ಡುಗಳನ್ನೂ ಮಾತ್ರ ಒಡೆಯಲಿಲ್ಲ. ನೂರು ವರ್ಷದಲ್ಲಿ ಆ ಆಗರಗಳ ಆಳವಿಲ್ಲದ ನೀರಿಗೇ ಒಗ್ಗಿಹೋದ ಹಕ್ಕಿಗಳಿದ್ದವು. ಅವುಗಳಿಗಾಗಿ ಕೆಲವು ಕೊಳಗಳನ್ನು ಹಾಗೆಯೇ ಉಳಿಸಿಕೊಂಡರು. 2016ರಲ್ಲಿ ಕೊಲ್ಲಿಯ ಸುತ್ತಲಿನ ಒಂಬತ್ತು ಕೌಂಟಿಗಳ ಮತದಾರರು ಈ ಕೆಲಸಕ್ಕಾಗಿ ಪ್ರತಿ ನಿವೇಶನಕ್ಕೆ ವರ್ಷಕ್ಕೆ 12 ಡಾಲರ್ ತೆರಿಗೆಯನ್ನು ತಾವಾಗಿ ಒಪ್ಪಿಕೊಂಡರು. ಕಡಲ ಮಟ್ಟ ಏರುತ್ತಿರುವಾಗ ಜೌಗುನೆಲವೇ ಅಗ್ಗದ ತಡೆಗೋಡೆ ಎಂಬ ಅರಿವು ಆ ಮತದ ಹಿಂದಿತ್ತು.

ಮನುಷ್ಯ ಕಟ್ಟಿದ ಜೌಗೂ ರಕ್ಷಣೆಗೆ ಅರ್ಹ ಎಂಬುದನ್ನು ಏಷ್ಯಾ ಇನ್ನೂ ಚೆನ್ನಾಗಿ ತೋರಿಸಿತು. ಹಾಂಗ್‌ಕಾಂಗಿನ ಮೈ ಪೊ ಮೂಲತಃ ಸಿಗಡಿ ಕೊಳಗಳ ಸಾಲು. ಉಬ್ಬರದಲ್ಲಿ ಬಾಗಿಲು ತೆಗೆದರೆ ಸಿಗಡಿ ಮರಿಗಳು ನೀರಿನೊಂದಿಗೆ ಒಳಬಂದು, ಕಾಂಡ್ಲಾ ಎಲೆಯ ಕೊಳೆ ತಿಂದು ಬೆಳೆಯುತ್ತವೆ. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಆಮೇಲೆ ಕೊಳ ಬರಿದಾದಾಗ ಉಳಿದ ಸಣ್ಣ ಮೀನು ಅಪರೂಪದ ಕಪ್ಪುಮೊಗದ ಚಮಚಕೊಕ್ಕಿನ ಹಕ್ಕಿಗೆ ಸುಗ್ಗಿ. 1980ರ ದಶಕದಿಂದ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆ ಈ ಕೊಳಗಳನ್ನು ಹಳೆಯ ಕ್ರಮದಲ್ಲೇ ನಡೆಸುತ್ತಿದೆ. 1995ರಲ್ಲಿ ಈ ಪ್ರದೇಶ ರಾಮ್ಸಾರ್ ಪಟ್ಟಿ ಸೇರಿತು. ಕೊಲ್ಲಿಯ ಆಚೆ ದಡದಲ್ಲೇ ಶೆನ್‌ಜೆನ್ನಿನ ಗಗನಚುಂಬಿಗಳಿವೆ. ಸಿಂಗಪುರದ ಸುಂಗೈ ಬುಲೊ ಕೂಡ ಹಳೆಯ ಸಿಗಡಿ ಕೊಳಗಳ ಜಾಗವೇ. ಹಕ್ಕಿ ವೀಕ್ಷಕರ ಒತ್ತಾಯದಿಂದ ಅದು 1993ರಲ್ಲಿ ನಿಸರ್ಗೋದ್ಯಾನವಾಗಿ, 2002ರಲ್ಲಿ ರಕ್ಷಿತ ಪ್ರದೇಶವಾಯಿತು.

ಭಾರತದ ದಾರಿ: ನ್ಯಾಯಾಲಯ ಮತ್ತು ನೆರೆ

ಭಾರತದಲ್ಲಿ ಈ ಕ್ಷೇತ್ರ ಬೆಳೆದದ್ದು ಹೆಚ್ಚಾಗಿ ನ್ಯಾಯಾಲಯದ ಮೂಲಕ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಕಾಂಡ್ಲಾ ಕಾಡನ್ನು ಅತಿ ಸೂಕ್ಷ್ಮ ವರ್ಗಕ್ಕೆ ಸೇರಿಸಿತು. 1992ರಲ್ಲಿ ಕಲ್ಕತ್ತಾ ಹೈಕೋರ್ಟು ನಗರದ ಪೂರ್ವದ ಜೌಗುನೆಲವನ್ನು ಬೇರೆ ಬಳಕೆಗೆ ತಿರುಗಿಸುವುದಕ್ಕೆ ತಡೆ ಹಾಕಿತು. ಊರಿನ ಕೊಳಚೆ ನೀರು ಅಲ್ಲಿ ಬಿಸಿಲು ಮತ್ತು ಪಾಚಿಯಿಂದ ಶುದ್ಧವಾಗಿ ಮೀನು, ತರಕಾರಿ ಬೆಳೆಸುತ್ತದೆ ಎಂಬುದನ್ನು ಎಂಜಿನಿಯರ್ ಧ್ರುಬಜ್ಯೋತಿ ಘೋಷ್ ದಾಖಲಿಸಿ ಲೋಕಕ್ಕೆ ತಿಳಿಸಿದ್ದರು. ಸುಮಾರು 12,500 ಹೆಕ್ಟೇರಿನ ಆ ಪ್ರದೇಶ 2002ರಲ್ಲಿ ರಾಮ್ಸಾರ್ ತಾಣವಾಯಿತು.

ಮುಂಬೈಯನ್ನು ಎಚ್ಚರಿಸಿದ್ದು ನೆರೆ. 2005ರ ಜುಲೈ 26ರಂದು ಸಾಂತಾಕ್ರೂಸಿನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಮಿಠಿ ನದಿಯ ಪಾತ್ರವನ್ನೂ ಅದರ ಮುಖದ ಜೌಗನ್ನೂ ಇಕ್ಕಟ್ಟು ಮಾಡಿದ್ದರ ಬೆಲೆ ಅಂದು ಊರಿಗೆಲ್ಲ ಗೊತ್ತಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಕಾಂಡ್ಲಾ ಕಡಿಯುವುದನ್ನು ರಾಜ್ಯವಿಡೀ ನಿಲ್ಲಿಸಿತು. 2018ರ ಅಂತಿಮ ತೀರ್ಪಿನಲ್ಲಿ ಕಾಂಡ್ಲಾ ನಾಶ ಬದುಕುವ ಮೂಲಭೂತ ಹಕ್ಕಿಗೇ ಧಕ್ಕೆ ಎಂದಿತು. 2012ರಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆಯಲ್ಲಿ ಕಾಂಡ್ಲಾ ಕಾಡಿಗೆಂದೇ ಪ್ರತ್ಯೇಕ ಘಟಕ ಹುಟ್ಟಿತು. 2015ರಲ್ಲಿ 1,690 ಹೆಕ್ಟೇರಿನ ಠಾಣೆ ಖಾರಿ ರಾಜಹಂಸ ಅಭಯಾರಣ್ಯ ಘೋಷಣೆಯಾಯಿತು. 2022ರಲ್ಲಿ ಅದಕ್ಕೂ ರಾಮ್ಸಾರ್ ಮನ್ನಣೆ ಸಿಕ್ಕಿತು.

ಅಭಯಾರಣ್ಯದ ಗಡಿಗೆರೆಯ ಮಿತಿಯೂ ಅಲ್ಲೇ ಬಯಲಾಯಿತು. ಇಳಿತದಲ್ಲಿ ರಾಜಹಂಸಗಳು ಖಾರಿಯ ಕೆಸರಿನಲ್ಲಿ ಮೇಯುತ್ತವೆ. ಉಬ್ಬರ ಬಂದು ಕೆಸರು ಮುಳುಗಿದಾಗ ನವಿ ಮುಂಬೈಯ ಚಿಕ್ಕ ಕೊಳಗಳಿಗೆ ಹಾರಿ ಅಲ್ಲಿ ತಂಗುತ್ತವೆ. ಮೇಯುವ ಜಾಗ ಅಭಯಾರಣ್ಯದ ಒಳಗಿದೆ, ತಂಗುವ ಕೊಳಗಳು ಹೊರಗಿವೆ. 2024ರಲ್ಲಿ ಅಂಥ ಒಂದು ಕೊಳಕ್ಕೆ ಉಬ್ಬರದ ನೀರು ಬರುವ ದಾರಿ ಮುಚ್ಚಿ ಕೊಳ ಒಣಗಿತು, ದಿಕ್ಕೆಟ್ಟ ಹಕ್ಕಿಗಳು ಸತ್ತವು. ದಿನಕ್ಕೆರಡು ಸಲ ಜಾಗ ಬದಲಿಸುವ ಹಕ್ಕಿಗೆ ಒಂದೇ ಜಾಗದ ರಕ್ಷಣೆ ಅರ್ಧ ರಕ್ಷಣೆ.

ಚೆನ್ನೈಯ ಪಳ್ಳಿಕರಣೈ ಹೇಳುವುದೂ ಇದನ್ನೇ. ಒಂದು ಕಾಲಕ್ಕೆ ಸಾವಿರಾರು ಹೆಕ್ಟೇರ್ ಹರಡಿದ್ದ ಆ ಜೌಗಿನಲ್ಲಿ ಕಸದ ಗುಡ್ಡ, ರಸ್ತೆ, ಐಟಿ ಕಚೇರಿಗಳು ಎದ್ದ ಮೇಲೆ ಉಳಿದದ್ದು ಹತ್ತನೇ ಒಂದು ಭಾಗದಷ್ಟು. 2007ರಲ್ಲಿ 317 ಹೆಕ್ಟೇರ್ ಕಾಯ್ದಿಟ್ಟ ಅರಣ್ಯವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ದಕ್ಷಿಣ ಚೆನ್ನೈಯ ಹತ್ತಾರು ಕೆರೆಗಳ ಕೋಡಿನೀರು ಈ ಜೌಗಿನ ಮೂಲಕವೇ ಕಡಲಿಗೆ ಹೋಗಬೇಕು. ಆ ದಾರಿ ಕಿರಿದಾದ ಕಾರಣ 2015ರಲ್ಲೂ 2023ರಲ್ಲೂ ಸುತ್ತಲಿನ ಬಡಾವಣೆಗಳು ಮುಳುಗಿದವು.

ಕಾನೂನಿನಲ್ಲೂ ಕಂಡಿಗಳಿವೆ. 2017ರ ಕೇಂದ್ರ ಜೌಗುಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನೂ, ಉಪ್ಪು ತಯಾರಿಗೆ ಮತ್ತು ಮೀನು ಸಾಕಣೆಗೆ ಮನುಷ್ಯ ಮಾಡಿಕೊಂಡ ಜಲನೆಲೆಗಳನ್ನೂ ವ್ಯಾಖ್ಯೆಯಿಂದ ಹೊರಗಿಟ್ಟವು. ಮೈ ಪೊ ಮತ್ತು ಸ್ಯಾನ್‌ ಫ್ರಾನ್ಸಿಸ್ಕೊ ಯಾವುದನ್ನು ಅಮೂಲ್ಯ ಎಂದು ಕಾದವೋ ಅದೇ ನಮ್ಮಲ್ಲಿ ಲೆಕ್ಕಕ್ಕೆ ಬರಲಿಲ್ಲ.

ನಮ್ಮ ಅಳಿವೆಗಳು

ಈ ಕಂಡಿ ಕರ್ನಾಟಕಕ್ಕೆ ನೇರವಾಗಿ ತಟ್ಟುತ್ತದೆ. ಉತ್ತರ ಕನ್ನಡದ ಅಘನಾಶಿನಿ ಶಿರಸಿ ಸೀಮೆಯಲ್ಲಿ ಹುಟ್ಟಿ, ಒಂದೂ ಅಣೆಕಟ್ಟಿಲ್ಲದೆ ಕುಮಟಾ ಬಳಿ ಕಡಲು ಸೇರುತ್ತದೆ. ಅದರ ಅಳಿವೆಯ ಇಕ್ಕೆಲದಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಗೊಬ್ಬರವಿಲ್ಲದೆ ಬೆಳೆಯುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಹಲಗೆ ಬಾಗಿಲಿನಿಂದ ಉಬ್ಬರವನ್ನು ಒಳಗೆ ಬಿಟ್ಟು ಸಿಗಡಿ, ಮೀನು. ಮೈ ಪೊದವರು ಜತನದಿಂದ ಉಳಿಸಿಕೊಂಡ ವಿದ್ಯೆ ನಮ್ಮಲ್ಲಿ ಊರವರ ಕೈಯಲ್ಲೇ ಇದೆ. ಸಾಣಿಕಟ್ಟೆಯ ಉಪ್ಪಿನ ಆಗರ, ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವ ಹೆಂಗಸರು, ಗಂಡಸರು, ಕಾಂಡ್ಲಾ ಬೇರುಗಳ ನಡುವೆ ಬಲಿಯುವ ಏಡಿ ಎಲ್ಲವೂ ಒಂದೇ ನೀರನ್ನು ನಂಬಿವೆ. ಅಳಿವೆಯ ದಡದ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ರೈತರು, ಮೀನುಗಾರರು, ವಿಜ್ಞಾನಿಗಳು ಒಟ್ಟಾಗಿ ವಿರೋಧಿಸಿದರು, ಅದನ್ನು ಕೈಬಿಡಬೇಕಾಯಿತು. 2024ರ ಜನವರಿಯಲ್ಲಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ತಾಣವಾಯಿತು.

ಪಕ್ಕದ ಶರಾವತಿಯನ್ನು ಇದರ ಜೊತೆಗಿಟ್ಟು ನೋಡಬೇಕು. ಅಲ್ಲಿ ಅಳಿವೆಗೆ ಪೆಟ್ಟು ಕೊಟ್ಟದ್ದು ಮಣ್ಣು ತುಂಬಿದ್ದಲ್ಲ. ಜಲವಿದ್ಯುತ್ ಸ್ಥಾವರಗಳಿಂದ ವರ್ಷವಿಡೀ ಸಿಹಿನೀರು ಹರಿದು ಬಂದು ನೀರಿನ ಉಪ್ಪು ತಗ್ಗಿತು, ಚಿಪ್ಪುಜೀವಿಗಳ ವೈವಿಧ್ಯ ಕುಸಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ ಇದನ್ನು ದಾಖಲಿಸಿದ್ದಾರೆ. ನೆಲ ಹಾಗೆಯೇ ಇದ್ದರೂ ನೀರು ಬದಲಾದರೆ ಬದುಕು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಮಂಗಳೂರು ನಮ್ಮ ಕರಾವಳಿಯ ನಿಜವಾದ ಮಹಾನಗರ. ನೇತ್ರಾವತಿ, ಫಲ್ಗುಣಿ ಎರಡೂ ಹೊಳೆಗಳು ಊರಿನ ಮಗ್ಗುಲಲ್ಲೇ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಕುದ್ರು ಎಂಬ ಹೊಳೆನಡುವಿನ ದ್ವೀಪಗಳ ಅಂಚಿನಲ್ಲಿ, ಹಿನ್ನೀರಿನ ದಂಡೆಯಲ್ಲಿ ಇನ್ನೂ ಕಾಂಡ್ಲಾ ಇದೆ. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜರಿದು ಮಂದಾರದ ತೋಟ, ಮನೆಗಳನ್ನು ನುಂಗಿತು. ಊರಿನ ಕಸಕ್ಕೂ ಊರಿನ ನೀರಿಗೂ ಇರುವ ನಂಟನ್ನು ಅದು ಎಲ್ಲರಿಗೂ ತೋರಿಸಿತು. 2021ರ ರಾಷ್ಟ್ರೀಯ ಅರಣ್ಯ ಸಮೀಕ್ಷೆ ಇಡೀ ಕರ್ನಾಟಕದಲ್ಲಿ ಗುರುತಿಸಿದ ಕಾಂಡ್ಲಾ ಕಾಡು ಕೇವಲ 13 ಚದರ ಕಿಲೋಮೀಟರ್. ಇಷ್ಟು ಕಡಿಮೆ ಇರುವಾಗ ಸಸಿ ನೆಡುವ ಉತ್ಸಾಹ ಸಹಜ. ಆದರೆ ಹಕ್ಕಿ ಮೇಯುವ, ಬಳಚು ಬೆಳೆಯುವ ಬೋಳು ಕೆಸರಿನ ಮೇಲೆ ಕಾಂಡ್ಲಾ ನೆಟ್ಟರೆ ಒಂದನ್ನು ಉಳಿಸಲು ಇನ್ನೊಂದನ್ನು ಕೊಂದಂತೆ. ಎಲ್ಲಿ ನೆಡಬೇಕೆಂದು ಬಳಚು ಆರಿಸುವವರನ್ನು ಕೇಳಿಯೇ ನೆಡಬೇಕು.

ಮುಂದಿನ ಹೆಜ್ಜೆ

ನೂರು ವರ್ಷದ ಅನುಭವ ಮೂರು ಕೆಲಸಗಳನ್ನು ಸ್ಪಷ್ಟವಾಗಿ ಹೇಳುತ್ತದೆ. ಮೊದಲನೆಯದು, ರಕ್ಷಣೆಯ ನಕ್ಷೆಯಲ್ಲಿ ಹಕ್ಕಿ ಮೇಯುವ ಕೆಸರಿನ ಜೊತೆ ತಂಗುವ ಕೊಳ, ನೀರು ಬರುವ ತೋಡು, ಹೋಗುವ ಕಾಲುವೆ ಎಲ್ಲವೂ ಇರಬೇಕು. ಎರಡನೆಯದು, ಗಜನಿ ಮತ್ತು ಉಪ್ಪಿನ ಆಗರಗಳನ್ನು ರಾಜ್ಯವೇ ಜೌಗುನೆಲ ಎಂದು ಗುರುತಿಸಿ, ಅವುಗಳ ಒಡ್ಡು, ಬಾಗಿಲುಗಳ ದುರಸ್ತಿಗೆ ರೈತರ ಸಂಘಗಳಿಗೆ ಹಣ ಕೊಡಬೇಕು. ಮೂರನೆಯದು, ಬಂದರು, ಹೆದ್ದಾರಿ, ಬಡಾವಣೆ ಯಾವ ಯೋಜನೆ ಬಂದರೂ ಅದು ಅಳಿವೆಯ ಉಪ್ಪು ಮತ್ತು ಹರಿವನ್ನು ಹೇಗೆ ಬದಲಿಸುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು, ಮಂಜೂರಾತಿ ಆಮೇಲೆ.

ಸ್ಯಾನ್‌ ಫ್ರಾನ್ಸಿಸ್ಕೊ ಒಮ್ಮೆ ಕಳೆದುಕೊಂಡದ್ದನ್ನು ಈಗ ಹಣ ಕೊಟ್ಟು ಎಕರೆ ಎಕರೆಯಾಗಿ ಮರಳಿ ಪಡೆಯುತ್ತಿದೆ. ಮುಂಬೈ, ಚೆನ್ನೈಗಳು ಉಳಿದ ತುಂಡುಗಳನ್ನು ಹಿಡಿದುಕೊಂಡಿವೆ. ನಮ್ಮ ಅಳಿವೆಗಳನ್ನು ನಾವಿನ್ನೂ ಮರಳಿ ಕೊಳ್ಳಬೇಕಾಗಿಲ್ಲ, ಕೆಡಿಸದೆ ಉಳಿಸಿಕೊಂಡರೆ ಸಾಕು. ಕರಾವಳಿಯ ಪ್ರತಿ ಪಂಚಾಯಿತಿ, ಪ್ರತಿ ನಗರಸಭೆ ತನ್ನ ಊರಿನ ತೋಡು, ಹಿನ್ನೀರು, ಕಾಂಡ್ಲಾಗಳ ನಕ್ಷೆಯನ್ನು ಈಗಲೇ ಮಾಡಿಸಲಿ. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಆ ನಕ್ಷೆಯನ್ನು ಕೇಳಿ ಪಡೆಯಿರಿ.